ಅವಳೂ ಉಪ್ಪುಸೊಳೆ ತಿನ್ನುತ್ತಿದ್ದಳಂತೆ

ಹೊಸನಗರದ ಹತ್ತಿರದ ಗಂಡನ ಮನೆಗೆ ಬಂದ ಮೂರನೇ ತಿಂಗಳಲ್ಲೇ ನಾನು ಕದ್ದು ತಿನ್ನುವುದು ಶುರುವಾಯಿತು. ಕದ್ದದ್ದು ಉಪ್ಪುಸೊಳೆ. ಹಲಸಿನ ಸೊಳೆಯನ್ನು ಮಳೆಗಾಲಕ್ಕೆಂದು ಭರಣಿಯಲ್ಲಿ ಉಪ್ಪಿಗೆ ಹಾಕಿಟ್ಟಿರುತ್ತಾರಲ್ಲ, ಅದು. ನೀರಲ್ಲಿ ನೆನೆಸಿ ಉಪ್ಪು ಬಿಡಿಸದೆ ಅದನ್ನು ಯಾರೂ ಬಾಯಿಗಿಡುವುದಿಲ್ಲ. ನಾನೋ, ಭರಣಿಗೇ ಕೈ ಹಾಕಿ, ನಾಲಿಗೆ ಉರಿದರೂ ಬಿಡದೆ ತಿನ್ನುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆ ನೋಡಿಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಅವರ ಮುಖ ಬಿಳಿಚಿಕೊಂಡಿತು.

"ಅಯ್ಯೋ ದೇವ್ರೇ, ಅವಳೂ ಹಿಂಗೇ ತಿಂತಿದ್ಲು!"

ಅವಳೆಂದರೆ ನನ್ನ ಗಂಡನ ಮೊದಲ ಹೆಂಡತಿ. ಕಾಮಾಲೆಯಲ್ಲಿ ತೀರಿಕೊಂಡವಳು.

ಅಂದಿನಿಂದ ಮನೆಯವರು ನನ್ನನ್ನು ನೋಡುವ ನೋಟವೇ ಬದಲಾಯಿತು. ನಾನೂ ಸುಮ್ಮನಿರುವ ಜಾತಿಯಲ್ಲ. ಚಮಚ ಬಿದ್ದರೆ ಸಿಡುಕು, ಆಮೇಲೆ ಅಳು. ಯಾಕೆಂದು ನನಗೇ ಗೊತ್ತಿಲ್ಲ. "ಅದೇ ಸಿಟ್ಟು, ಅದೇ ಅಳು," ಎಂದು ಅತ್ತೆ ನನ್ನ ಗಂಡನಿಗೆ ಪಿಸುಗುಟ್ಟಿದ್ದು ಕೇಳಿಸಿತು. ವಾರದೊಳಗೆ ಎಲ್ಲ ಸರಿ, ಉಪ್ಪುಸೊಳೆ ಕಂಡರೆ ಓಕರಿಕೆ. ಮುಂದಿನ ತಿಂಗಳು ಮತ್ತೆ ಅದೇ ಕತೆ. ಸಾಗರದಲ್ಲಿ ನರ್ಸ್ ಆಗಿರುವ ನನ್ನಕ್ಕ ಫೋನಿನಲ್ಲಿ, "ಮುಟ್ಟಿಗೆ ಮುಂಚೆ ಕೆಲವರಿಗೆ ಹಂಗಾಗ್ತದೆ ಕಣೇ," ಅಂದಳು. ನಂಬಲಾಗಲಿಲ್ಲ. ಭರಣಿಯೊಳಗೆ ಇಳಿಯುವ ಕೈ ನನ್ನದೋ ಅವಳದೋ ಎಂದು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ.

"ಹುಲಿಕಲ್ ಕಡೆ ಒಬ್ರಿದಾರೆ, ಬಿಡಿಸ್ಕಂಡ್ ಬರಾಣ," ಎಂದು ಅತ್ತೆ ತೀರ್ಮಾನಿಸಿದರು. ಗಂಡ ಹ್ಞೂಂ ಅಂದ. ದೆವ್ವ ಬಿಡಿಸುವುದೆಂದರೆ ಬೆತ್ತದೇಟು, ಮೆಣಸಿನ ಹೊಗೆ.

ಹೊರಡುವ ದಿನ ಬೆಳಿಗ್ಗೆ ಮುಟ್ಟಾದೆ. ಮುಟ್ಟಾದವಳನ್ನು ಅಲ್ಲಿಗೆ ಕರೆದೊಯ್ಯುವಂತಿಲ್ಲ.

"ಥೂ, ಅವಳಿಗೂ ದೆವ್ವ ಹಿಡ್ದದೆ ಅಂತ ಕರ್ಕಂಡ್ ಹೋಗಾಣ ಅಂದಾಗ್ಲೂ ಹಿಂಗೇ ಆಗಿ ಎರಡು ಸಲ ತಪ್ಪಿತ್ತು," ಎಂದು ಅತ್ತೆ ಗೊಣಗಿದರು.

ನನಗೆ ಅಕ್ಕನ ಮಾತು ನೆನಪಾಯಿತು. "ಅತ್ತೇ, ಅವರು ಸೊಳೆ ತಿಂತಿದ್ದಿದ್ದು ಯಾವಾಗ? ಮುಟ್ಟಿಗೆ ಮುಂಚೆನಾ?"

"ಹೌದು. ನಾಲ್ಕೈದು ದಿನ ಮುಂಚೆ. ಆಮೇಲೆ ಸರಿಹೋಗ್ತಿದ್ಲು."

"ನಂಗೂ ಹಂಗೇ ಅಲ್ವಾ? ಇದ್ರಲ್ಲಿ ದೆವ್ವ ಎಲ್ಲಿದೆ ಹೇಳಿ!" ಜೋರಾಗಿಯೇ ಕೇಳಿದೆ. ಅಕ್ಕ ಹೇಳಿದ್ದನ್ನೂ ಹೇಳಿದೆ.

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತರು.

"ಮೂರನೇ ಸಲ ಕರ್ಕಂಡ್ ಹೋಗಿದ್ವಿ ಮಗಾ," ಅಂದರು. "ಅವಳು, 'ಹೊಡೆಸ್ಬೇಡಿ ಅತ್ತೆ, ನಾನೇ ಇದು, ನಾನೇ' ಅಂತ ನನ್ನ ಕಾಲು ಹಿಡ್ಕಂಡ್ಲು. ದೆವ್ವ ಸುಳ್ಳು ಹೇಳ್ತದೆ ಅಂದ್ಕಂಡೆ."