ನಿಂಗಣ್ಣ ಮುಚ್ಚಿದ ಕೋಳಿಗೂಡು

ವಿಮಾನದ ಇಂಧನ ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ಸಂದಿ ಉಳಿದರೂ ನಿಂಗಣ್ಣನಿಗೆ ನಿದ್ದೆ ಬರುತ್ತಿರಲಿಲ್ಲ. ಬಾಗಲಕೋಟೆ ಕಡೆಯಿಂದ ಬಂದು ಮರಾಠಿ ಸೀಮೆಯ ಓಝರ್‌ನ ವಿಮಾನ ಕಾರ್ಖಾನೆ ಸೇರಿದವನು ನಿವೃತ್ತಿಯವರೆಗೂ ಮಾಡಿದ್ದು ಒಂದೇ ಕೆಲಸ. ಸೋರುವ ಜಾಗ ಹುಡುಕುವುದು, ಮುಚ್ಚುವುದು. ಮನೆಯಲ್ಲೂ ಅದೇ ಚಾಳಿ. ಬಿಟ್ಟರೆ ನನ್ನ ಬಾಯಿಗೂ ಒಂದು ಮುಚ್ಚಳ ಮಾಡಿಸುತ್ತಿದ್ದರು ಎಂದು ಹೆಂಡತಿ ಈರಮ್ಮ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಸಂಭಾಜಿನಗರದಲ್ಲಿದ್ದ ಮಗಳು ಸಮೀಕ್ಷಾ ನಕ್ಕು ಮರಾಠಿಯಲ್ಲಿ ಏನೋ ಅನ್ನುತ್ತಿದ್ದಳು.

ಹಿತ್ತಲಿನ ಕೋಳಿಗಳು ಈರಮ್ಮನವು. ಬೆಳಗ್ಗೆ ಕಾಳು ಚೆಲ್ಲುತ್ತ ಅವುಗಳೊಡನೆ ಊರ ಸುದ್ದಿಯೆಲ್ಲ ಮಾತಾಡುತ್ತಿದ್ದಳು. "ಈ ಊರಾಗ ನನ್ನ ಕನ್ನಡಕ್ಕ ತಿರುಗಿ ಕನ್ನಡದಾಗ ಉತ್ತರಾ ಕೊಡೂವು ಇವಷ್ಟ ನೋಡ್ರಿ" ಅನ್ನುವಳು. ಅದರಲ್ಲೂ ಕರಿಕೋಳಿ ಅವಳ ಸೆರಗು ಹಿಡಿದೇ ತಿರುಗುತ್ತಿತ್ತು.

ಆ ಚಳಿಗಾಲದಲ್ಲಿ ದ್ರಾಕ್ಷಿ ತೋಟದವರು ಹೆದರುವ ಅಕಾಲದ ಮಳೆ ಬಂತು. ಒಂದು ಬೆಳಗ್ಗೆ ಒಂದು ಕೋಳಿ ಸೆಟೆದು ಬಿದ್ದಿತ್ತು. ಈರಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವಳ ಮುಖ ನೋಡಲಾರದೆ ನಿಂಗಣ್ಣ ಅಂದೇ ಗೂಡಿಗೆ ತಾಡಪಾಲು ಸುತ್ತಿದ. ಸೂರಿನಡಿಯ ಗಾಳಿಕಿಂಡಿಯ ಜಾಳಿಗೆಯನ್ನೂ ಬಿಡದೆ ಸಂದಿಗೆಲ್ಲ ಅಂಟು ತುಂಬಿದ. ಒಂದಿಷ್ಟು ಗಾಳಿ ಆಡಲಿ ಎಂದು ಈರಮ್ಮ ಹೇಳಿದ್ದಕ್ಕೆ, ಗಾಳಿ ಬಂದರೆ ಥಂಡಿಯೂ ಬರುತ್ತದೆ, ಮುಚ್ಚುವ ಕೆಲಸ ತನಗೆ ಕಲಿಸಬೇಡ ಎಂದ.

ಕೆಲವೇ ದಿನಗಳಲ್ಲಿ ಸೂರಿನ ತಗಡು ಒಳಗೆ ತೊಟ್ಟಿಕ್ಕತೊಡಗಿತು. ನೆಲಕ್ಕೆ ಹಾಸಿದ್ದ ಹೊಟ್ಟು ತೊಯ್ದು ಮುದ್ದೆಯಾಯಿತು. ಕೋಳಿಗಳು ಸೀನಿದವು. ಕಣ್ಣಲ್ಲಿ ನೊರೆ ಬಂತು. ಕರಿಕೋಳಿ ಪುಕ್ಕ ಉಬ್ಬಿಸಿಕೊಂಡು ಮೂಲೆ ಹಿಡಿಯಿತು. ಚಾವಣಿ ಸೋರುತ್ತಿದೆ ಎಂದುಕೊಂಡ ನಿಂಗಣ್ಣ ಕೊಡಗಟ್ಟಲೆ ನೀರು ಸುರಿದು ನೋಡಿದ. ಒಂದು ಹನಿಯೂ ಒಳಗಿಳಿಯಲಿಲ್ಲ.

ಇನ್ನು ಉಳಿದದ್ದು ಕಾರ್ಖಾನೆಯ ಕಡೆಯ ಉಪಾಯ. ಒಳಗೆ ಹೊಕ್ಕು ಕತ್ತಲಲ್ಲಿ ಕೂತು ಬೆಳಕಿನ ಚುಕ್ಕೆ ಹುಡುಕುವುದು. ಬಾಗಿ ಗೂಡು ಹೊಕ್ಕು, ಬಾಗಿಲು ಹಾಕಲು ಈರಮ್ಮನಿಗೆ ಹೇಳಿದ.

ಎಲ್ಲಿಯೂ ಚುಕ್ಕೆಯಿರಲಿಲ್ಲ. ಕ್ಷಣ ಹೊತ್ತು ಹೆಮ್ಮೆಯೆನಿಸಿತು. ಆಮೇಲೆ ಹಿಕ್ಕೆಯ ಘಾಟಿಗೆ ಕಣ್ಣು ಉರಿದವು, ಕೆಮ್ಮು ಬಂತು. ಕತ್ತಿನ ಮೇಲೆ ತಣ್ಣನೆಯ ಹನಿ ಬಿತ್ತು. ಪಕ್ಕದಲ್ಲಿ ಕರಿಕೋಳಿ ಕೊಕ್ಕು ತೆರೆದು ಏದುಸಿರು ಬಿಡುವುದು ಕೇಳಿಸಿತು.

ಟ್ಯಾಂಕಿಗೆ ಇಳಿಯುವ ಮುಂಚೆ ಅವನಿಗಾಗಿ ಗಾಳಿಯ ಪೈಪು ಇಳಿಯುತ್ತಿತ್ತು. ಹೊರಗೊಬ್ಬ ಜೊತೆಗಾರ ನಿಂತು ಆಗಾಗ ತಗಡು ಬಡಿಯುತ್ತಿದ್ದ. ಉಸಿರಾಡುತ್ತಿದ್ದೇನೆ ಎಂದು ಇವನು ಒಳಗಿಂದ ತಿರುಗಿ ಬಡಿಯಬೇಕು. ಅದೊಂದನ್ನು ಯಾರೂ ಎಂದೂ ತಪ್ಪಿಸಿದವರಲ್ಲ. ಈ ಕೋಳಿಗಳಿಗೆ ಅವನು ಪೈಪನ್ನೂ ಬಿಟ್ಟಿರಲಿಲ್ಲ, ಜೊತೆಗಾರನನ್ನೂ ನಿಲ್ಲಿಸಿರಲಿಲ್ಲ.

ಸೋರುವ ಜಾಗ ಸಿಕ್ಕಿತೇ ಎಂದು ಈರಮ್ಮ ಕೇಳಿದಳು.

"ಮ್ಯಾಲಿಂದ ಸೋರಿಲ್ಲ. ಅವುಗಳ ಉಸಿರ ಅದು. ಹೊರಗ ಹೋಗಾಕ ನಾ ದಾರಿನ ಬಿಟ್ಟಿಲ್ಲ."

ಅವಳು ಬಯ್ಯಲಿಲ್ಲ. "ಕರಿದು ಉಳೀತದೇನ್ರಿ?" ಎಂದಳು. ಅವನು ಹೊರಬಂದು ತಾಡಪಾಲಿಗೆ ಕೈ ಹಾಕಿದ.

ಕೋಳಿಗಳು ಕೂರುವ ಗಳುವಿಗಿಂತ ಮೇಲೆ, ಸೂರಿನಡಿ ಎರಡೂ ಕಡೆ ತಾಡಪಾಲು ಹರಿದು ಜಾಳಿಗೆಯ ಅಂಟು ಕಿತ್ತ. ಕೆಳಗಿನದನ್ನು ಹಾಗೇ ಬಿಟ್ಟ. ಗಾಳಿ ಅವುಗಳ ತಲೆಯ ಮೇಲಿಂದ ಹಾಯಬೇಕು, ಮೈಗೆ ಬಡಿಯಬಾರದು. ತೊಯ್ದ ಹೊಟ್ಟನ್ನು ಇಬ್ಬರೂ ಸೇರಿ ಬಾಚಿ ತೆಗೆದು ಒಣಹೊಟ್ಟು ಹರಡಿದರು. ಸಂಜೆ ಮತ್ತೆ ಜಿಟಿಜಿಟಿ ಹಿಡಿಯಿತು. ಥಂಡಿ ನುಗ್ಗುತ್ತದೆಂದು ಈರಮ್ಮ ಚಡಪಡಿಸಿದಳು. ಮೈ ಒಣಗಿರುವ ಕೋಳಿ ಥಂಡಿ ತಡೆಯುತ್ತದೆ, ತೊಯ್ದದ್ದು ತಡೆಯುವುದಿಲ್ಲ ಎಂದ. ದನಿಯಲ್ಲಿ ಹಳೆಯ ಬಿಗಿ ಇರಲಿಲ್ಲ.

ಬೆಳಗ್ಗೆ ಬಾಗಿಲು ತೆರೆಯಲು ಕೈ ಬಾರದೆ ಬೆರಳ ಗೆಣ್ಣಿನಿಂದ ತಗಡು ಬಡಿದ. ಒಳಗೆ ರೆಕ್ಕೆ ಒದರಿದ ಸದ್ದು, ಒಂದು ಸೀನು, ಆಮೇಲೆ ಕೊರ್ ಕೊರ್ ಎಂಬ ದನಿ. ಒಂದೊಂದರ ದನಿಯನ್ನೂ ಬಲ್ಲ ಈರಮ್ಮ ಕಿವಿಯಿಟ್ಟು ಕೇಳಿದಳು.

"ಇನ್ನೊಮ್ಮೆ ಬಡೀರಿ."

ಬಡಿದ. ಅವಳು ಕಾದ ದನಿ ಬರಲಿಲ್ಲ.

ತಗಡು ಒಣಗಿತ್ತು, ಹೊಟ್ಟು ಒಣಗಿತ್ತು. ಕರಿಕೋಳಿ ಮೂಲೆಯಲ್ಲಿ ಕತ್ತು ಮಡಚಿ ಸೆಟೆದು ಮಲಗಿಬಿಟ್ಟಿತ್ತು. ಉಳಿದವು ಬೆಳಕಿಗೆ ಬಂದು ಕಾಳಿಗಾಗಿ ಈರಮ್ಮನ ಕಾಲು ಸುತ್ತಿದವು.

ಈಗಲೂ ಬಾಗಿಲು ಹಾಕಿದ ಮೇಲೆ ನಿಂಗಣ್ಣ ಗೂಡು ಬಡಿಯುತ್ತಾನೆ. ಒಳಗಿಂದ ಕೊರ್ ಎಂದು ಉತ್ತರ ಬರುತ್ತದೆ. ಬಂದ ಮೇಲೂ ಇನ್ನೊಂದು ದನಿಗೆ ಕಾದವನಂತೆ ಸ್ವಲ್ಪ ಹೊತ್ತು ನಿಂತಿರುತ್ತಾನೆ.