ಗೂಡಿನೊಳಗಿನ ಗ್ರಾಫಿಕ್ಸ್ ಕಾರ್ಡು

ಅಫಜಲಪುರ ನನ್ನನ್ನು ಬರಮಾಡಿಕೊಂಡದ್ದು ಕರೆಂಟು ಹೊಡೆದು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಹೊಡೆಯಿತು. ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ಜೋಪಾನವಾಗಿ ತಂದಿದ್ದ ಕಬ್ಬಿಣದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸ್ವಿಚ್ ಒತ್ತಿ, ಕಲ್ಲುನೆಲದ ಮೇಲೆ ಬರಿಗಾಲಲ್ಲಿ ನಿಂತು ಅದರ ಬೆನ್ನು ಸವರಿದೆ. ಬೆರಳಿನಿಂದ ಮೊಣಕೈವರೆಗೆ ಝುಂ ಎಂದಿತು. ಎರಡನೆಯ ಸಲ ಮುಟ್ಟಿ ನೋಡುವಷ್ಟು ಹಟ ನನ್ನಲ್ಲಿತ್ತು. ಎರಡನೆಯ ಸಲವೂ ಹೊಡೆಯಿತು.

ವೈರಿಂಗ್ ನೋಡಲು ಬಂದ ಮಹಿಬೂಬ್ ಗೋಡೆಯ ಬೋರ್ಡು ಬಿಚ್ಚಿ ನಕ್ಕುಬಿಟ್ಟ. "ಅಕ್ಕಾರ, ಈ ಮನ್ಯಾಗ ಅರ್ಥಿಂಗೇ ಇಲ್ರಿ. ಬೋರ್ಡಿಗಿ ಮೂರು ತೂತು ಅವ ಖರೆ, ಮ್ಯಾಲಿನ ತೂತು ಬರೇ ಚಂದಕ್ಕ ಅದ." ಮರುದಿನ ಅಂಗಳದಲ್ಲಿ ಗುಂಡಿ ತೋಡಿ, ಕಂಬಿ ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ಅಲ್ಲಿಂದ ಮನೆಯೊಳಕ್ಕೆ ತಂತಿ ಎಳೆದುಕೊಟ್ಟ. ಬೇಸಿಗೆ ಮುಗಿಯುವವರೆಗೆ ದಿನಕ್ಕೊಂದು ಕೊಡ ನೀರು ಹಾಕಬೇಕೆಂದು ತಾಕೀತು ಮಾಡಿದ. ಮೈಸೂರಿನಲ್ಲಿ ಬೆಳಗಾಗೆದ್ದು ಗುಲಾಬಿ ಕುಂಡಗಳಿಗೆ ನೀರು ಹಾಕುತ್ತಿದ್ದವಳು ಇಲ್ಲಿ ಉಪ್ಪಿನ ಗುಂಡಿಗೆ ನೀರು ಹಾಕಲು ಶುರು ಮಾಡಿದೆ.

ಈ ಡಬ್ಬಿ ಏನೆಂದು ಹೇಳಬೇಕು. ಇನ್ನೂ ಕಟ್ಟದ ಕಟ್ಟಡಗಳ ಚಿತ್ರ ಮಾಡುವುದು ನನ್ನ ಕೆಲಸ. ನಕ್ಷೆ ಕೈಗೆ ಬಂದರೆ ಗೋಡೆ, ಕಿಟಕಿ, ಕಿಟಕಿಯಿಂದ ಬೀಳುವ ಬಿಸಿಲು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಎಬ್ಬಿಸಿ, ಕಟ್ಟಿಸುವವರು ಅದರೊಳಗೆ ನಡೆದಾಡುವಂತೆ ಮಾಡುತ್ತೇನೆ. ಇದಕ್ಕೆ ಬಲವಾದ ಗ್ರಾಫಿಕ್ಸ್ ಕಾರ್ಡ್ ಬೇಕು. ನನ್ನ ಲ್ಯಾಪ್‌ಟಾಪಿನೊಳಗಿನದು ಆ ಭಾರ ಎಳೆಯುವುದಿಲ್ಲ. ಹಾಗಾಗಿ ದೊಡ್ಡ ಕಂಪ್ಯೂಟರಿಗೆ ಹಾಕುವ ಕಾರ್ಡನ್ನೇ ಒಂದು ಜಾಲರಿ ಡಬ್ಬಿಯಲ್ಲಿ ಕೂರಿಸಿ, ಅದಕ್ಕೆ ಅದರದೇ ವಿದ್ಯುತ್ ಕೊಟ್ಟು, ಮೊಳದುದ್ದದ ದಪ್ಪ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದೇನೆ. ಕೇಬಲ್ ಕಿತ್ತರೆ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಬಸ್ಸು ಹತ್ತಬಹುದು. ಸಿಕ್ಕಿಸಿದರೆ ಆಸ್ಪತ್ರೆಯನ್ನೋ ಕಲ್ಯಾಣಮಂಟಪವನ್ನೋ ಎಬ್ಬಿಸಬಹುದು.

ಮೈಸೂರಿನ ಆಫೀಸು ಬಿಟ್ಟು ಇಲ್ಲಿಗೆ ಬಂದದ್ದು ಗಂಡ ಮಿಲಿಂದನ ಜೊತೆಗಿರಲು. ಅವನು ದನದ ಡಾಕ್ಟರು. ಸ್ವಂತ ಊರು ಆಳಂದದ ಕಡೆಯ ಮಾದನಹಿಪ್ಪರಗಾ, ನೌಕರಿ ಅಫಜಲಪುರದಲ್ಲಿ. ನಮ್ಮ ಆಫೀಸಿನ ಮಾಲೀಕರು ಒಳ್ಳೆಯ ಮಾತಿನಲ್ಲೇ ಕಳಿಸಿಕೊಟ್ಟಿದ್ದರು. "ಮೂರು ತಿಂಗಳು ನೋಡೋಣ ರೇಖಾ. ಅಲ್ಲಿಂದ ಆಗ್ಲಿಲ್ಲ ಅಂದ್ರೆ ವಾಪಸ್ ಬಂದ್ಬಿಡಿ, ಕುರ್ಚಿ ಖಾಲಿ ಇಟ್ಟಿರ್ತೀನಿ." ಕೊನೆಗೆ ಇನ್ನೊಂದು ಮಾತು ಸೇರಿಸಿದರು. "ಕ್ಲೈಂಟ್ ಕೇಳಿದ್ರೆ ಮೈಸೂರಲ್ಲೇ ಇದೀನಿ ಅನ್ನಿ. ಅಫಜಲಪುರ ಅಂದ್ರೆ ಗಾಬರಿ ಬೀಳ್ತಾರೆ." ನಾನು ಹೂಂ ಎಂದೆ. ಕೆಲಸ ಉಳಿದರೆ ಗಂಡನ ಜೊತೆ ಇರಬಹುದು, ಹೋದರೆ ಎರಡರಲ್ಲಿ ಒಂದನ್ನು ಬಿಡಬೇಕು. ಆ ಲೆಕ್ಕದಲ್ಲಿ ಒಂದು ಸುಳ್ಳು ದೊಡ್ಡದೆನಿಸಲಿಲ್ಲ.

ಬಾಡಿಗೆ ಮನೆ ಹುಡುಕುವಾಗ ನನ್ನ ಈ ಹೂಂ ನನ್ನನ್ನೇ ಚುಚ್ಚತೊಡಗಿತು. ಮೈಸೂರಿನ ಮನೆಮಾಲೀಕರು ಸುತ್ತಿ ಬಳಸಿ ಕೇಳುತ್ತಾರೆ, ನಾನ್‌ವೆಜ್ ಮಾಡ್ತೀರಾ ಎಂದು. ಇಲ್ಲಿ ಬಾಗಿಲಲ್ಲೇ ಜಾತಿಯದೇ ನೇರ ಪ್ರಶ್ನೆ: "ನೀವು ಯಾವ ಪೈಕಿ ರೀ?" ಮಿಲಿಂದ ಅಷ್ಟೇ ನೇರವಾಗಿ, "ಬೌದ್ಧರು ರೀ," ಎನ್ನುತ್ತಿದ್ದ. ಮೂರು ಮನೆಗಳು ಅದೇ ಕ್ಷಣ ಬೇರೆಯವರಿಗೆ ಹೋಗಿಬಿಟ್ಟವು. ಸರ್ಕಾರಿ ಡಾಕ್ಟರ್ ಅಂದರೆ ಸಾಕಲ್ಲವೇ, ಉಳಿದದ್ದು ಯಾಕೆ ಎಂದು ನಾನು ಸಿಡುಕಿದೆ. ಅವನು ಬೈಕಿನ ಕಿಕ್ ಹೊಡೆಯುತ್ತ ಹೇಳಿದ: "ಇವತ್ತು ಮುಚ್ಚಿಟ್ಟು ಒಳಗ ಹೊಕ್ಕರ ದಿನಾ ಮುಚ್ಚಿಡಬೇಕಾಗ್ತದ. ನನಗ ಅಷ್ಟು ಪುರಸೊತ್ತಿಲ್ಲ." ನಾಲ್ಕನೆಯ ಮನೆಯ ಮುದುಕಿ ಶರಣಮ್ಮ ಕೇಳಿದ್ದು ಒಂದೇ, ಟಿವಿ ಜೋರಾಗಿ ಹಚ್ಚುತ್ತೀರೇನು ಎಂದು. ಹಳೆಯ ಕಲ್ಲಿನ ಮನೆ, ಎರಡು ಕೋಣೆ, ನೆಲಕ್ಕೆ ನುಣುಪಾದ ಫರಸಿ. ಫರಸಿ ಎಂದರೆ ಈ ಕಡೆ ನೆಲಕ್ಕೆ ಹಾಸುವ ಬೂದುಬಣ್ಣದ ಚಪ್ಪಡಿಕಲ್ಲು. ಗೋಡೆಯಲ್ಲಿ ಆಳವಾದ ಗೂಡುಗಳು. ಮೇಜಿನ ಹಿಂದಿನ ಗೂಡಿನಲ್ಲಿ ನನ್ನ ಡಬ್ಬಿ ಕೂತಿತು, ಅದರ ಮುಂದೆ ದೊಡ್ಡ ಮಾನಿಟರು.

ಮೊದಲ ತಿಂಗಳು ಕಷ್ಟವಾಗಲಿಲ್ಲ ಎಂದರೆ ಸುಳ್ಳು. ಅಲ್ಲೂ ಕನ್ನಡ, ಇಲ್ಲೂ ಕನ್ನಡ. ಆದರೂ ನಾನು ಬಾಯಿ ತೆರೆದರೆ ಸಂತೆಯಲ್ಲಿ ಮುಖಗಳು ತಿರುಗುತ್ತಿದ್ದವು. ಈರುಳ್ಳಿ ಕೇಳಿದರೆ ಉಳ್ಳಾಗಡ್ಡಿ ತೂಗುತ್ತ, "ಟಿವಿ ಒಳಗಿನವ್ರಂಗ ಮಾತಾಡ್ತೀರಿ," ಎಂದು ನಗುತ್ತಿದ್ದರು. ಇಡ್ಲಿಯ ಹೊತ್ತಿಗೆ ಸುಸಲಾ, ಎಂದರೆ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ್ದು. ಅದು ಬೇಗ ಹಿಡಿಸಿತು. ರೊಟ್ಟಿ ತಟ್ಟಲು ಮಾತ್ರ ಈಗಲೂ ಬರುವುದಿಲ್ಲ, ಕಲಿಯುವ ಉಮೇದೂ ಇಲ್ಲ, ಮಿಲಿಂದನೇ ತಟ್ಟುತ್ತಾನೆ. ಮಧ್ಯಾಹ್ನ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಮನೆಯಲ್ಲಿ ಡಬ್ಬಿಯ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ಅಮ್ಮನಿಗೆ ಫೋನು ಮಾಡಿ, ಚೆನ್ನಾಗಿದೀನಿ ಎಂದು ಹೇಳಿ, ಇಟ್ಟು ಅಳುತ್ತಿದ್ದೆ. ಅತ್ತು ಮುಖ ತೊಳೆದು ಕೆಲಸಕ್ಕೆ ಕೂರುತ್ತಿದ್ದೆ.

ಕೆಲಸವೂ ಮೊದಮೊದಲು ಮುಗ್ಗರಿಸಿತು. ಡಬ್ಬಿ ಮಾಡಿದ ಚಿತ್ರ ಲ್ಯಾಪ್‌ಟಾಪಿನ ಪರದೆಯಲ್ಲೇ ಕಾಣಬೇಕೆಂದರೆ ಅದೇ ಒಂದು ಕೇಬಲ್ಲಿನಲ್ಲಿ ಹಿಂದಿರುಗಿ ಬರಬೇಕು; ಅರ್ಧ ಬಲ ದಾರಿಯಲ್ಲೇ ಸೋರಿಹೋಗುತ್ತಿತ್ತು. ಮಾನಿಟರಿನ ತಂತಿಯನ್ನು ನೇರ ಡಬ್ಬಿಗೇ ಸಿಕ್ಕಿಸಿದ ದಿನ ಗೋಡೆ ಕಿಟಕಿಗಳು ತಡವರಿಸದೆ ಸರಸರನೆ ತಿರುಗಿದವು. ಎದ್ದು ನಿಂತು ಒಬ್ಬಳೇ ಚಪ್ಪಾಳೆ ತಟ್ಟಿದೆ. ಇಲ್ಲಿ ಕೂತು ಈ ಕೆಲಸ ಆಗುವುದಿಲ್ಲ ಅಂದವರೆಲ್ಲ ಬಂದು ನೋಡಲಿ ಅನ್ನಿಸಿತು.

ಮೂರನೆಯ ತಿಂಗಳ ಕೊನೆಗೆ ಬಂದದ್ದು ಆಸ್ಪತ್ರೆಯ ಕೆಲಸ. ಮೈಸೂರಿನಲ್ಲಿ ಆಸ್ಪತ್ರೆ ಕಟ್ಟಿಸಲಿದ್ದ ಒಬ್ಬ ಡಾಕ್ಟರಮ್ಮನಿಗೆ ಶನಿವಾರ ಹನ್ನೊಂದಕ್ಕೆ ವಿಡಿಯೊ ಕರೆಯಲ್ಲಿ ಇಡೀ ಕಟ್ಟಡ ಸುತ್ತಿಸಿ ತೋರಿಸಬೇಕು. ನಾನು ಇಲ್ಲಿಂದಲೇ ಕೆಲಸ ಮುಂದುವರಿಸುವುದು ಅವತ್ತಿನ ಮೇಲೆ ನಿಂತಿದೆ ಎಂದು ಮಾಲೀಕರು ಬಿಡಿಸಿಯೇ ಹೇಳಿದ್ದರು.

ಹಿಂದಿನ ದಿನ ಅತ್ತೆ ತಾರಾಬಾಯಿ ಮಾದನಹಿಪ್ಪರಗಾದಿಂದ ಆಳಂದದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಬಂದಿಳಿದರು. ಹೊಲದ ಕೂಲಿ ಮಾಡಿ ಮಗನನ್ನು ಡಾಕ್ಟರು ಮಾಡಿದ ಹೆಂಗಸು. ಅವರ ಮನೆಯಲ್ಲಿ ಟಿವಿಗೂ ಮಿಕ್ಸರಿಗೂ ಹೊಲಿಗೆ ಯಂತ್ರಕ್ಕೂ ಒಂದೊಂದು ಹೊದಿಕೆ ಇದೆ. ಬೆಲೆಯುಳ್ಳ ವಸ್ತು ಬರಿಮೈಯಲ್ಲಿ ಧೂಳು ತಿನ್ನುವುದನ್ನು ಅವರು ಸಹಿಸರು. ಹೋದ ಸಲ ಬಂದಾಗಲೇ ನನ್ನ ಡಬ್ಬಿಯನ್ನು ಗೇಣಿನಲ್ಲಿ ಅಳೆದುಕೊಂಡು ಹೋಗಿದ್ದರಂತೆ, ನನಗೆ ಗೊತ್ತಿರಲಿಲ್ಲ. ಶನಿವಾರ ನಾನು ಸ್ನಾನಕ್ಕೆ ಹೋದಾಗ, ತಾವು ಹೊಲಿದು ತಂದ ಕೌದಿಯ ಗವಸನ್ನು ಅದಕ್ಕೆ ತೊಡಿಸಿಬಿಟ್ಟರು. ಕೌದಿ ಎಂದರೆ ಹಳೆಯ ಸೀರೆಯ ತುಂಡುಗಳನ್ನು ಪದರಪದರವಾಗಿ ಸೇರಿಸಿ ಕೈಯಲ್ಲೇ ಹೊಲಿಯುವ ಹೊದಿಕೆ. ಚಳಿಗಾಲದಲ್ಲಿ ಅದನ್ನು ಹೊದ್ದವರಿಗೆ ಬೇರೆ ಏನೂ ಬೇಕಿಲ್ಲ.

ಮಾನಿಟರಿನ ಹಿಂದಿದ್ದ ಗೂಡು ನನಗೆ ಕಾಣಿಸಲಿಲ್ಲ. ಕರೆ ಶುರುವಾಯಿತು, ಮಾಲೀಕರೂ ತಮ್ಮ ಮನೆಯಿಂದ ಸೇರಿಕೊಂಡಿದ್ದರು. ಮುಂಬಾಗಿಲು, ಹೊರರೋಗಿಗಳ ಸಾಲು, ಮೆಟ್ಟಿಲು, ಮೊದಲ ಮಹಡಿ. ಫ್ಯಾನಿನ ಸದ್ದು ಏರುತ್ತಿತ್ತು. ಬಿಸಿಲಿಗೆ ಇರಬೇಕು ಎಂದುಕೊಂಡೆ. ಶಸ್ತ್ರಚಿಕಿತ್ಸೆ ಕೊಠಡಿಯ ಬಾಗಿಲು ತೆರೆಯುವಷ್ಟರಲ್ಲಿ ಪರದೆ ಕಪ್ಪಾಯಿತು. ಲ್ಯಾಪ್‌ಟಾಪೂ ಕಲ್ಲಾಗಿ ಕೂತಿತು. ಮಾನಿಟರು ಸರಿಸಿ ನೋಡಿದರೆ ಕೆಂಪು ಹಸಿರು ಚೌಕಗಳ ಚೆಂದದ ಗವಸು, ಅದರೊಳಗೆ ಉಸಿರು ಕಟ್ಟಿದ ಡಬ್ಬಿ. ಕಿತ್ತೆಸೆದೆ. ಡಬ್ಬಿ ಮುಟ್ಟಿದರೆ ಬೈಕಿನ ಹೊಗೆಕೊಳವೆಯಂತೆ ಸುಟ್ಟಿತು.

ಮೊಬೈಲಿನಿಂದ ಮತ್ತೆ ಕರೆಗೆ ಸೇರಿದಾಗ ಮಾಲೀಕರು ಹೇಳುತ್ತಿದ್ದರು, "ಸಾರಿ ಡಾಕ್ಟ್ರೇ, ನಮ್ಮ ಆಫೀಸಲ್ಲಿ ಈಗಷ್ಟೇ ಕರೆಂಟ್ ಹೋಯ್ತು."

ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ನೆಲದ ಮೇಲೆ ಬಿದ್ದ ಗವಸು, ನನ್ನ ಮುಖ, ಎರಡನ್ನೂ ನೋಡಿದರು. "ಯವ್ವಾ, ನನ್ನ ಕೈಯಾರೆ ಕೆಡಿಸಿದೆನೇನಬೇ? ಧೂಳು ಹೋಗಬಾರದಂತ ಹೊಚ್ಚಿದ್ದೆ..."

"ಯಾರದು ಮಾತಾಡಿದ್ದು?" ಡಾಕ್ಟರಮ್ಮ ಕೇಳಿದರು.

"ಯಾರೋ ಕ್ಲೀನಿಂಗಿನವರು ಡಾಕ್ಟ್ರೇ. ರೇಖಾ, ಅವರನ್ನ ಹೊರಗೆ ಕಳ್ಸಿ," ಎಂದರು ಮಾಲೀಕರು.

ಮೊಬೈಲು ಸ್ಪೀಕರಿನಲ್ಲಿತ್ತು. ಅತ್ತೆಗೂ ಕೇಳಿಸಿತು. ಅವರು ಬಾಗಿಲ ಕಡೆ ಹೆಜ್ಜೆ ಹಾಕಿದರು. ಜೀವಮಾನವಿಡೀ ಇಂಥ ಮಾತಿಗೆ ಉತ್ತರ ಕೊಡುತ್ತ ಬಂದವರು ಇವತ್ತು ನನ್ನ ಕೆಲಸ ಕೆಡಬಾರದೆಂದು ಬಾಯಿ ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದಾರೆ. ಕೈ ಹಿಡಿದು ನಿಲ್ಲಿಸಿಕೊಂಡೆ.

"ಅವರು ನನ್ನ ಅತ್ತೆ, ಮೇಡಂ," ಎಂದೆ. "ಆಫೀಸಲ್ಲಿ ಕರೆಂಟ್ ಹೋಗಿಲ್ಲ. ನಾನು ಮೈಸೂರಲ್ಲಿಲ್ಲ, ಅಫಜಲಪುರದಲ್ಲಿ ನಮ್ಮ ಮನೇಲಿದೀನಿ. ನಿಮ್ಮ ಆಸ್ಪತ್ರೆ ಪೂರ್ತಿ ಇಲ್ಲೇ ಮಾಡಿದ್ದು. ಮೆಷಿನ್ ಬಿಸಿಯಾಗಿ ನಿಂತಿದೆ. ಇಪ್ಪತ್ತು ನಿಮಿಷ ಕೊಟ್ಟರೆ ಉಳಿದದ್ದನ್ನೂ ತೋರಿಸ್ತೀನಿ."

ಡಾಕ್ಟರಮ್ಮ, "ಸರಿ, ನಾನು ಒಂದಿಬ್ಬರು ಪೇಷೆಂಟ್ ನೋಡಿ ಬರ್ತೀನಿ," ಎಂದು ಹೋದರು.

"ಕೆಳಗ ಫರಸಿ ಮ್ಯಾಲ ಇಡಬೇ, ತಣ್ಣಗ ಅದ," ಎಂದರು ಅತ್ತೆ. ತಂತಿಗಳನ್ನೆಲ್ಲ ಬಿಚ್ಚಿ, ಡಬ್ಬಿ, ಲ್ಯಾಪ್‌ಟಾಪು, ಮಾನಿಟರು ಎಲ್ಲವನ್ನೂ ನೆಲಕ್ಕೆ ಇಳಿಸಿದೆವು. ಅತ್ತೆ ಮೊರ ಹಿಡಿದು ಗಾಳಿ ಬೀಸಿದರು. ಬಿಸಿ ಇಳಿದ ಮೇಲೆ ತಂತಿ ಸಿಕ್ಕಿಸಿ ಮತ್ತೆ ಶುರು ಮಾಡಿದೆ. ಫರಸಿಯ ಮೇಲೆ ಕಾಲು ಮಡಚಿ ಕೂತು ಆಸ್ಪತ್ರೆಯ ಉಳಿದ ಎರಡು ಮಹಡಿ ಸುತ್ತಿಸಿದೆ. ಸ್ಟ್ರೆಚರ್ ತಿರುಗಲು ಒಂದು ಮೂಲೆಯಲ್ಲಿ ಜಾಗ ಸಾಲದೆಂದು ಡಾಕ್ಟರಮ್ಮ ತಪ್ಪು ಹಿಡಿದರು. ಗೋಡೆಯನ್ನು ಆಗಲೇ ಹಿಂದಕ್ಕೆ ಸರಿಸಿ ತೋರಿಸಿದೆ. ನಾನೆಲ್ಲಿದ್ದೇನೆ ಎಂಬ ಮಾತೇ ಮತ್ತೆ ಬರಲಿಲ್ಲ.

ಮಾಲೀಕರಿಗೆ ಮಾತ್ರ ಅದೇ ಮಾತು. ಕರೆ ಮುಗಿದ ಕೂಡಲೇ ಫೋನು ಮಾಡಿದರು. "ಕ್ಲೈಂಟ್ ಎದುರಿಗೆ ನನ್ನ ಮಾನ ತೆಗೆದ್ರಲ್ಲ! ಸೋಮವಾರ ಬಂದು ಇಲ್ಲಿ ನಿಮ್ಮ ಕುರ್ಚಿಯಲ್ಲಿ ಕೂರಿ. ಇಲ್ಲಾಂದ್ರೆ ಬರಲೇಬೇಡಿ."

"ನಮ್ಮತ್ತೆಯನ್ನ ಹೊರಗೆ ಕಳ್ಸಿ ಅಂದ್ರಿ. ಅವರ ಹತ್ರ ಕ್ಷಮೆ ಕೇಳಿ, ಆಮೇಲೆ ಕುರ್ಚಿ ವಿಷಯ ಮಾತಾಡೋಣ," ಎಂದೆ.

ಅವರು ಕೇಳಲಿಲ್ಲ, ನಾನು ಹೋಗಲಿಲ್ಲ. ಏಳು ವರ್ಷದ ಕೆಲಸ ಒಂದು ಫೋನಿನಲ್ಲಿ ಮುಗಿಯಿತು. ಪಶ್ಚಾತ್ತಾಪವಿದೆಯೇ ಎಂದು ಮೈಸೂರಿನ ಗೆಳತಿಯರು ಕೇಳುತ್ತಾರೆ. ಇದೆ: ಆ ಮೊದಲ ಹೂಂ ಯಾಕೆ ಅಂದೆ ಎಂದು.

ಈಗ ನನ್ನದೇ ಕೆಲಸ. ಜೇವರ್ಗಿಯ ಅಂಗಡಿ ಮಳಿಗೆಯೊಂದರ ಚಿತ್ರ ಮಾಡಿದೆ, ಆಳಂದದ ಒಂದು ಕಲ್ಯಾಣಮಂಟಪದ್ದು ನಡೆಯುತ್ತಿದೆ. ಲ್ಯಾಪ್‌ಟಾಪು ಹೊತ್ತು ಜಾಗ ನೋಡಲು ಹೋಗುತ್ತೇನೆ, ಮನೆಗೆ ಬಂದು ಕೇಬಲ್ ಸಿಕ್ಕಿಸುತ್ತೇನೆ. ಹೊಸಬರು ಫೋನು ಮಾಡಿದರೆ ನನ್ನ ಹೆಸರಿನ ಜೊತೆಗೇ ಅಫಜಲಪುರ ಎನ್ನುತ್ತೇನೆ, ಅವರು ಕೇಳುವ ಮೊದಲೇ. ಆಫೀಸಿನ ಕೆಲಸ ಹೋದದ್ದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಇನ್ನು ನೀನು ಅಲ್ಲಿಯವಳೇ ಬಿಡು," ಎಂದಳು. ಫೋನಿಟ್ಟು ಡಬ್ಬಿಯ ಕೇಬಲ್ ಸಿಕ್ಕಿಸಿದೆ.

ಹೋದ ವಾರ ಅತ್ತೆಯ ಜೊತೆ ಮಾದನಹಿಪ್ಪರಗಾಕ್ಕೆ ಹೋಗಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ ಅತ್ತೆಯನ್ನು ಕೇಳಿದಳು, "ಸೊಸಿ ಏನ್ರಿ? ಎಲ್ಲಿಯಾಕಿ?" ಅಫಜಲಪುರ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ತೊಡೆಯ ಮೇಲೆ ಕೈಯಿಟ್ಟು ಹೆಮ್ಮೆಯಿಂದ ಹೇಳಿದರು:

"ಮೈಸೂರಾಕಿ ನೋಡ್ರಿ."

ಅಫಜಲಪುರದ ಹೆಸರು ಹೇಳಿ ಕೆಲಸ ಕಳೆದುಕೊಂಡವಳು ನಾನು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಸುಳ್ಳು ಹೇಳಿ ಅತ್ತೆಗೆ ಅಭ್ಯಾಸವಿಲ್ಲ; ನಾನು ಮೈಸೂರಿನವಳೇ ಅಲ್ಲವೇ.