ಮೈದುನನ ಗಂಟಲು

ನನ್ನ ಮೈದುನ ಟೈಲರ್. ಕೈ ಚೆನ್ನಾಗಿತ್ತು, ಆದರೆ ಹಾಡಹಗಲೇ ಹೊಲಿಗೆ ಮಿಷನ್ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದ. ಯಾರದೋ ಅಂಗಿಗೆ ಎರಡೂ ಎಡತೋಳು ಕೂರಿಸಿದ್ದು ಬೀದಿಗೆಲ್ಲ ಗೊತ್ತು. ಅವನಿಗೆ 'ತೂಕಡಿಕೆ' ಅಂತ ಹೆಸರಿಟ್ಟವಳು ನಾನೇ. ಮದುವೆಯಾಗಲಿಲ್ಲ, ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಮಲಗುತ್ತಿದ್ದ. ಮೈಗಳ್ಳ ಎಂದು ತೀರ್ಮಾನಿಸಿ ನಾವೆಲ್ಲ ಕೈತೊಳೆದುಕೊಂಡಿದ್ದೆವು.

ಅವನ ಅಣ್ಣ, ಅಂದರೆ ನನ್ನ ಗಂಡ, ಗೋದಾಮಿನ ಕ್ರೇನ್ ಡ್ರೈವರ್. ಗೊರಕೆ ಹೊಡೆಯುತ್ತಲೇ ಅವರ ಉಸಿರು ನಿಂತುಬಿಡುತ್ತಿತ್ತು. ಮೊಣಕೈಯಿಂದ ತಿವಿದರೆ ಮತ್ತೆ ಶುರು. ಹದಿನೆಂಟು ವರ್ಷದ ಸಂಸಾರದಲ್ಲಿ ನನ್ನ ಮೊಣಕೈ ದುಡಿದಷ್ಟು ಇನ್ಯಾರೂ ದುಡಿದಿಲ್ಲ. ಒಂದು ಮಧ್ಯಾಹ್ನ ಕಬ್ಬಿಣದ ಪೈಪುಗಳ ಕಟ್ಟು ಕೂಲಿಯವರ ತಲೆಯ ಮೇಲೆ ತೂಗಾಡುತ್ತಿರುವಾಗಲೇ ಇವರು ಕ್ಯಾಬಿನ್‌ನಲ್ಲಿ ಬಾಯಿ ತೆರೆದು ನಿದ್ದೆಹೋದರು. ಆಸ್ಪತ್ರೆಯ ವರದಿ ತರುವ ತನಕ ಕ್ರೇನ್ ಹತ್ತಬೇಡಿ ಎಂದರು ಮೇಲಿನವರು.

ಹಗಲಲ್ಲೇ ಮಾಡುವ ಪರೀಕ್ಷೆ. ಸೂಜಿಮದ್ದು ಕೊಟ್ಟು ನಿದ್ದೆ ಬರಿಸಿ, ಮೂಗಿನೊಳಗಿಂದ ಕ್ಯಾಮೆರಾದ ಸಣ್ಣ ಕೊಳವೆ ಇಳಿಸಿ, ಉಸಿರಿನ ದಾರಿ ಎಲ್ಲಿ ಮುಚ್ಚಿಕೊಳ್ಳುತ್ತದೆ ಎಂದು ನೋಡುತ್ತಾರೆ. ಅಣ್ಣತಮ್ಮಂದಿರದು ಒಂದೇ ಅಚ್ಚು, ಗುರುತಿನ ಚೀಟಿಯ ಫೋಟೊ ಬೇರೆ ಮಸುಕು.

"ನನ್ನ ಬದಲು ಇವನು ಹೋಗ್ಲಿ. ಇವನು ಗೊರಕೆ ಹೊಡೆಯಲ್ಲ," ಅಂದರು ನನ್ನ ಗಂಡ.

"ಯಾರು ಹೇಳಿದ್ದು?"

"ನಾನೇ ಅತ್ತಿಗೆ," ಅಂದ ಮೈದುನ. "ಒಂದು ದಿನಾನೂ ನನಗೆ ಕೇಳಿಸಿಲ್ಲ."

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವನ ಹೆಂಡತಿ ಎಂದು ಹೇಳಿಕೊಂಡು ನಾನೇ ಕರೆದುಕೊಂಡು ಹೋದೆ.

ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ವಿಡಿಯೋ ತೋರಿಸಿದರು. ನಾಲಿಗೆಯ ಬುಡ ಹಿಂದಕ್ಕೆ ಜಾರಿತು, ಗಂಟಲಿನ ಎರಡೂ ಬದಿ ಒಂದಕ್ಕೊಂದು ಅಂಟಿಕೊಂಡವು, ದಾರಿಯೇ ಇಲ್ಲವಾಯಿತು.

"ಮನೇಲೂ ಹೀಗೇ ಉಸಿರು ನಿಲ್ಲುತ್ತಾ?"

"ಹೌದು. ನಾನು ತಿವಿದ್ರೆ ಮತ್ತೆ ಬರುತ್ತೆ." ಗಂಡನ ವಿಷಯ ಬಾಯಿಗೆ ಬಂದುಬಿಟ್ಟಿತು.

"ನೀವು ಪಕ್ಕದಲ್ಲಿರೋದಕ್ಕೇ ಇವರು ಬದುಕಿದ್ದಾರೆ. ಒಬ್ಬರೇ ಮಲಗೋಕೆ ಬಿಡಬೇಡಿ."

ಮುಖಕ್ಕೆ ಕಟ್ಟಿಕೊಂಡು ಮಲಗುವ ಗಾಳಿ ಮಿಷನ್ ಬರೆದುಕೊಟ್ಟರು, ನನ್ನ ಗಂಡನ ಹೆಸರಿಗೆ. ಮೂರು ತಿಂಗಳು ತಪ್ಪದೆ ಬಳಸಿದರೆ ಕ್ರೇನ್ ಹತ್ತಬಹುದು.

"ಹತ್ತು ನಿಮಿಷ ಗಂಟಲು ತೆರೆದಿಟ್ಕೊಳ್ಳೋಕೆ ಆಗ್ಲಿಲ್ವೇನೋ?" ಅಂದರು ಇವರು.

"ತಪ್ಪಾಯ್ತು ಅಣ್ಣ. ನನಗೂ ಒಂದು ಮಿಷನ್ ಬೇಕೇನೋ?"

"ಈಗ ನಿನ್ನ ಹೆಸರಲ್ಲಿ ಹೋದ್ರೆ ಗುರುತು ಹಿಡೀತಾರೆ, ನನ್ನ ಕೆಲಸ ಹೋಗುತ್ತೆ. ಮೂರು ತಿಂಗಳು ತಡ್ಕೊ."

ಅವನು ನನ್ನ ಮುಖ ನೋಡಿದ. ನಮ್ಮ ಮನೆಯಲ್ಲೇ ಮಲಗು ಎನ್ನಬಹುದಿತ್ತು. ನಡುಮನೆಯಲ್ಲಿ ಜಾಗವೂ ಇತ್ತು. ಆದರೆ ಯಾರಾದರೂ ಕಾರಣ ಕೇಳಿದರೆ ಎಂಬ ಭಯ, ಇನ್ನೊಬ್ಬನನ್ನು ತಿವಿಯುತ್ತ ಕೂರಬೇಕೇ ಎಂಬ ಬೇಸರ. ಊಟ ಬಡಿಸಿ ಅಂಗಡಿಗೇ ಕಳಿಸಿದೆ.

ಗಂಡ ಆ ಮಿಷನ್ ಕಟ್ಟಿಕೊಂಡು ಮಗುವಿನ ಹಾಗೆ ಮಲಗತೊಡಗಿದರು. ನನ್ನ ಮೊಣಕೈಗೂ ಬಿಡುವಾಯಿತು. ಎಂಬತ್ತೊಂಬತ್ತನೆಯ ದಿನ ಟೈಲರ್ ಅಂಗಡಿ ಬಾಗಿಲು ತೆರೆಯಲಿಲ್ಲ. ಒಡೆದು ಒಳಗೆ ಹೋದೆವು. ಮಲಗಿದವನು ಮಲಗಿದ ಹಾಗೇ ಇದ್ದ, ತುಟಿ ನೀಲಿಯಾಗಿತ್ತು. ಅಣ್ಣ ಕೆಲಸಕ್ಕೆ ಮರಳುವ ದಿನಕ್ಕೆಂದು ಹೊಲಿದಿದ್ದ ಹೊಸ ಅಂಗಿ ಗೂಟದಲ್ಲಿ ತೂಗುತ್ತಿತ್ತು. ತೋಳುಗಳು ಸರಿಯಾಗಿದ್ದವು.

ಮಣ್ಣು ಮಾಡಿ ಬಂದ ಮರುದಿನ ಡಾಕ್ಟರಮ್ಮ ಫೋನ್ ಮಾಡಿದರು.

"ಮಿಷನ್ ಕಳಿಸೋ ಲೆಕ್ಕ ನೋಡಿದೆ. ನಿಮ್ಮ ಯಜಮಾನರು ಒಂದು ದಿನಾನೂ ಅದನ್ನ ಬಿಟ್ಟಿಲ್ಲ, ತುಂಬ ಸಂತೋಷ. ಒಬ್ಬರೇ ಮಲಗೋಕೆ ಬಿಟ್ಟಿಲ್ಲ ತಾನೇ?"

"ಇಲ್ಲ ಡಾಕ್ಟ್ರೇ," ಅಂದೆ.

ಪಕ್ಕದಲ್ಲಿ ಹೊಸ ಅಂಗಿ ತೊಟ್ಟು ನಿಂತಿದ್ದ ಗಂಡ ಪಿಸುಗುಟ್ಟಿದರು: "ವರದಿ ಯಾವಾಗ ಕೊಡ್ತಾರೆ, ಕೇಳು."

ಕೇಳಿದೆ.